ಪೆನ್‌ಡ್ರೈವ್‌ನಲ್ಲಿ ದಾಖಲೆ ಇಟ್ಟುಕೊಂಡವರಿಗೆ: ವೆರಾಕ್ರಿಪ್ಟ್ ಹೊಸ ಆವೃತ್ತಿಗಳಲ್ಲಿ ಏನು ಬಂದಿದೆ, ಏನು ಹೋಗಿದೆ

ಕರಿಮೆಣಸು, ಗೋಣಿಕೊಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗು ಜಿಲ್ಲೆಯಲ್ಲಿ ಪೆನ್‌ಡ್ರೈವ್ ಬಳಕೆ ಇನ್ನೂ ಕಮ್ಮಿಯಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆಗ ಕ್ಲೌಡ್‌ನಲ್ಲಿ ಇಟ್ಟದ್ದು ಇದ್ದೂ ಇಲ್ಲದ ಹಾಗೆ. ಹಾಗಾಗಿ ತೋಟದ ಲೆಕ್ಕ, ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಜಾಗದ ಕಾಗದ, ಬ್ಯಾಂಕ್ ಸಾಲದ ಪೇಪರ್, ಮಕ್ಕಳ ಮಾರ್ಕ್ಸ್‌ಕಾರ್ಡ್, ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಪೆನ್‌ಡ್ರೈವ್‌ಗೆ ಹಾಕಿ ಜೇಬಿನಲ್ಲಿ ಇಟ್ಟುಕೊಂಡು ಮಡಿಕೇರಿ, ವಿರಾಜಪೇಟೆ ಅಂತ ತಿರುಗುವವರು ಜಾಸ್ತಿ. ಅದು ಬಸ್ಸಿನಲ್ಲಿ ಬಿದ್ದುಹೋದರೆ ಅಥವಾ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲೇ ಉಳಿದುಬಿಟ್ಟರೆ ಸಿಕ್ಕಿದವರು ಎಲ್ಲವನ್ನೂ ಓದಬಹುದು. ಇದು ನನಗೆ ತುಂಬಾ ಚಿಂತೆಯ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ವೆರಾಕ್ರಿಪ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಅದು ಪೆನ್‌ಡ್ರೈವ್‌ನಲ್ಲಿ ಒಂದೇ ಒಂದು ದೊಡ್ಡ ಫೈಲ್ ಮಾಡುತ್ತದೆ. ಅದಕ್ಕೆ ಕಂಟೇನರ್ ಅನ್ನುತ್ತಾರೆ. ಪಾಸ್‌ವರ್ಡ್ ಕೊಟ್ಟರೆ ಆ ಫೈಲ್ ಬೇರೆ ಡ್ರೈವ್ ತರಹ ತೆರೆದುಕೊಳ್ಳುತ್ತದೆ, ಕೊಡದಿದ್ದರೆ ಅದರಲ್ಲಿ ಕಾಣುವುದು ಬರೀ ಅರ್ಥವಿಲ್ಲದ ಬೈಟ್‌ಗಳು. ದುಡ್ಡು ಕೊಡಬೇಕಾಗಿಲ್ಲ. 2004ರಲ್ಲಿ ಬಂದ, ಇದೇ ಕೆಲಸ ಮಾಡುವ ಟ್ರೂಕ್ರಿಪ್ಟ್‌ನ ಕೋಡ್ ತಗೊಂಡು ಮೌನಿರ್ ಇದ್ರಾಸಿ ಅನ್ನುವವರು 2013ರಲ್ಲಿ ಇದನ್ನು ಶುರು ಮಾಡಿದರು. ಮರುವರ್ಷ ಮೇ 28ಕ್ಕೆ ಟ್ರೂಕ್ರಿಪ್ಟ್ ಮಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟರು.

ಈಗ ಮುಖ್ಯ ವಿಷಯ. 2023ರ ಅಕ್ಟೋಬರ್‌ನಲ್ಲಿ ವೆರಾಕ್ರಿಪ್ಟ್ 1.26.7 ಬಂತಲ್ಲ, ಅದರಲ್ಲಿ ಟ್ರೂಕ್ರಿಪ್ಟ್ ಫೈಲ್ ತೆರೆಯುವ ಸೌಲಭ್ಯವನ್ನೇ ತೆಗೆದುಹಾಕಿದರು. ಹತ್ತು ಹನ್ನೆರಡು ವರ್ಷದ ಹಿಂದೆ ಟ್ರೂಕ್ರಿಪ್ಟ್‌ನಲ್ಲಿ ಏನಾದರೂ ಮುಚ್ಚಿಟ್ಟಿದ್ದರೆ, ಹೊಸ ವೆರಾಕ್ರಿಪ್ಟ್‌ಗೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯುವುದಿಲ್ಲ. ಪಾಸ್‌ವರ್ಡ್ ತಪ್ಪಿರಬಹುದು ಅಂತ ಹೇಳುತ್ತದೆ, ಜನ ಗಾಬರಿಯಾಗಿ ಫೈಲೇ ಹಾಳಾಗಿದೆ ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ. ಟ್ರೂಕ್ರಿಪ್ಟ್ ಫೈಲ್ ತೆರೆಯುವ ಕೊನೆಯ ಆವೃತ್ತಿ 1.25.9. ಅದನ್ನು ಹಾಕಿಕೊಂಡು, ಟ್ರೂಕ್ರಿಪ್ಟ್ ಮೋಡ್ ಅನ್ನುವ ಬಾಕ್ಸ್‌ಗೆ ಟಿಕ್ ಕೊಟ್ಟು ತೆರೆಯಿರಿ. ಒಳಗಿರುವುದನ್ನು ಹೊಸದಾಗಿ ಮಾಡಿದ ಕಂಟೇನರ್‌ಗೆ ಕಾಪಿ ಮಾಡಿ. ಹಳೆಯ ವೆರಾಕ್ರಿಪ್ಟ್‌ನಲ್ಲೇ ಮಾಡಿದ ಕಂಟೇನರ್ ಆದರೂ ಹ್ಯಾಶ್ (ಪಾಸ್‌ವರ್ಡನ್ನು ಅರೆದು ಕೀ ಮಾಡುವ ಲೆಕ್ಕ) ಆಯ್ಕೆ ರೈಪ್‌ಎಂಡಿ-160 ಆಗಿದ್ದರೆ ಇದೇ ಕಥೆ, ಅದನ್ನೂ 1.26.7ರಲ್ಲಿ ತೆಗೆದಿದ್ದಾರೆ.

ಹೊಸದಾಗಿ ಬಂದದ್ದು ಏನು ಅಂದರೆ: ಅದೇ 1.26.7ರಲ್ಲಿ ಬ್ಲೇಕ್2ಎಸ್ ಅನ್ನುವ ಹ್ಯಾಶ್ ಬಂತು, ಚಿಪ್ ಇರುವ ಬ್ಯಾಂಕ್ ಕಾರ್ಡನ್ನು ಕೀಫೈಲ್ (ಪಾಸ್‌ವರ್ಡ್ ಜೊತೆ ಕೀಲಿಯಾಗಿ ಕೊಡುವ ಫೈಲ್) ತರಹ ಬಳಸುವ ಆಯ್ಕೆ ಬಂತು. 2025ರಲ್ಲಿ 1.26.24ರಲ್ಲಿ ಸ್ಕ್ರೀನ್‌ಶಾಟ್ ತಡೆಯುವ ರಕ್ಷಣೆ ಬಂತು. ಅದೇ ವರ್ಷ 1.26.27ರಲ್ಲಿ ಆರ್ಗಾನ್2ಐಡಿ ಬಂತು, ಪಾಸ್‌ವರ್ಡ್ ಊಹಿಸುವುದನ್ನು ಕಷ್ಟ ಮಾಡುವ ಹೊಸ ವಿಧಾನ. ಕೊನೆಯದ್ದು ನಿಜವಾಗಿಯೂ ದೊಡ್ಡದು. ಆದರೆ ಹೊಸದು ಬಂತು ಅಂತ ಎಲ್ಲವನ್ನೂ ಆನ್ ಮಾಡಬೇಡಿ. ಆ ಫೈಲನ್ನು ನಿಮ್ಮ ಹೊರತು ಇನ್ನು ಯಾರು ತೆರೆಯಬೇಕು, ಅವರ ಹತ್ತಿರ ಯಾವ ಕಂಪ್ಯೂಟರ್ ಇದೆ, ಇದನ್ನು ಮೊದಲು ನೋಡಿ. ಯಾರು ಯಾರು ಏನು ಬಳಸುತ್ತಿದ್ದೀರಿ ಬರೆಯಿರಿ.

ಮಂಜುಮನೆ, ಮಡಿಕೇರಿ ಹತ್ತಿರ:

ಅಣ್ಣ, ಒಳ್ಳೆಯ ವಿಷಯ ಎತ್ತಿದ್ದೀರಿ. ನಾವು ಹೋಂಸ್ಟೇ ನಡೆಸುತ್ತೇವೆ. ಬಂದವರ ಐಡಿ ಪ್ರತಿ ತಗೊಳ್ಳಲೇಬೇಕು. ಹೊರದೇಶದವರು ಬಂದರೆ ಅವರ ವಿವರದ ಫಾರ್ಮನ್ನು ಸರ್ಕಾರಕ್ಕೆ ಹಾಕಬೇಕು, ಅದಕ್ಕೆ ಪಾಸ್‌ಪೋರ್ಟ್ ಪ್ರತಿ. ಇದೆಲ್ಲ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್‌ನಲ್ಲಿದೆ, ಲ್ಯಾಪ್‌ಟಾಪ್ ಮುಂದಿನ ಕೋಣೆಯಲ್ಲಿ ಮೇಜಿನ ಮೇಲಿರುತ್ತದೆ, ಕೆಲಸಕ್ಕೆ ಬರುವ ಹುಡುಗರು, ಗೆಸ್ಟ್‌ಗಳು ಎಲ್ಲರೂ ಓಡಾಡುವ ಜಾಗ. ತಿಂಗಳ ಲೆಕ್ಕ ಪೆನ್‌ಡ್ರೈವ್‌ಗೆ ಹಾಕಿ ಕುಶಾಲನಗರದ ಆಡಿಟರ್ ಹತ್ತಿರ ಕೊಡುತ್ತೇನೆ. ಅವರ ಆಫೀಸಿನ ಕಂಪ್ಯೂಟರ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಬಿಡುವುದಿಲ್ಲ. ಪೆನ್‌ಡ್ರೈವ್‌ನಲ್ಲೇ ವೆರಾಕ್ರಿಪ್ಟ್ ಇಟ್ಟುಕೊಂಡು ಹೋದರೆ ಅಲ್ಲಿ ಓಡುತ್ತದಾ? ಎರಡು ಪೆನ್‌ಡ್ರೈವ್ ಮಾಡಬೇಕಾ? ಸ್ವಲ್ಪ ಬಿಡಿಸಿ ಹೇಳಿ.

ಹಾರಂಗಿ, ಕುಶಾಲನಗರ:

ಅಕ್ಕ, ಓಡುವುದಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ವೆರಾಕ್ರಿಪ್ಟ್‌ಗೆ ಪೋರ್ಟಬಲ್ ಆವೃತ್ತಿ ಇದೆ, ಟ್ರಾವೆಲರ್ ಡಿಸ್ಕ್ ಮಾಡುವ ಆಯ್ಕೆಯೂ ಇದೆ. ಆದರೆ ಕಂಟೇನರನ್ನು ಡ್ರೈವ್ ತರಹ ತೋರಿಸಲು ವಿಂಡೋಸ್ ಒಳಗೆ ಡ್ರೈವರ್ ಅನ್ನುವ ಒಂದು ಸಣ್ಣ ಸಾಫ್ಟ್‌ವೇರ್ ಲೋಡ್ ಆಗಬೇಕು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕೇ ಬೇಕು. ಇನ್‌ಸ್ಟಾಲ್ ಮಾಡದಿದ್ದರೂ ಬೇಕು. ಆಡಿಟರ್ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಸೈಬರ್ ಸೆಂಟರ್‌ನಲ್ಲಿ ಅದು ಸಿಗುವುದಿಲ್ಲ. ಸಿಕ್ಕರೂ ಸೈಬರ್ ಸೆಂಟರ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಟೈಪ್ ಮಾಡಬೇಡಿ, ಆ ಕಂಪ್ಯೂಟರ್‌ನಲ್ಲಿ ಏನು ಕೂತಿದೆ ಅಂತ ಹೇಳಲಾಗದು.

ನಿಮ್ಮ ಕೆಲಸಕ್ಕೆ ಎರಡು ದಾರಿ. ಒಂದು, ವಿಂಡೋಸ್‌ನದ್ದೇ ಆದ ಬಿಟ್‌ಲಾಕರ್ ಟು ಗೋ. ವಿಂಡೋಸ್ 7ರಿಂದಲೂ ಇದೆ. ಪೆನ್‌ಡ್ರೈವ್ ಪೂರ್ತಿ ಲಾಕ್ ಆಗುತ್ತದೆ, ಸಿಕ್ಕಿಸಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ, ಏನೂ ಹಾಕಬೇಕಾಗಿಲ್ಲ. ಲಾಕ್ ಮಾಡಲು ಮಾತ್ರ ವಿಂಡೋಸ್ ಪ್ರೊ ಬೇಕು. ತೆರೆಯಲು ಹೋಮ್ ಸಾಕು. ಹಾಗಾಗಿ ಪರಿಚಯದವರ ಪ್ರೊ ಕಂಪ್ಯೂಟರ್‌ನಲ್ಲಿ ಒಮ್ಮೆ ಖಾಲಿ ಪೆನ್‌ಡ್ರೈವ್ ಲಾಕ್ ಮಾಡಿಸಿಕೊಂಡರೆ ಆಮೇಲೆ ನಿಮ್ಮ ಹೋಮ್ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಬಳಸಬಹುದು. ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಆಗ ಅದು 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿಡಿ, ಅವರ ಕಂಪ್ಯೂಟರ್‌ನಲ್ಲಿ ಪ್ರತಿ ಬಿಟ್ಟು ಬರಬೇಡಿ.

ಇನ್ನೊಂದು ದಾರಿ 7-ಜಿಪ್, ಫೈಲ್‌ಗಳನ್ನು ಒಂದೇ ಕಟ್ಟು ಮಾಡಿ ಪಾಸ್‌ವರ್ಡ್ ಹಾಕುವ ಸಾಫ್ಟ್‌ವೇರ್. ಆಡಿಟರ್ ಕಂಪ್ಯೂಟರ್‌ನಲ್ಲಿ ಅದು ಮೊದಲೇ ಇದೆಯಾ ಅಂತ ಕೇಳಿಕೊಳ್ಳಿ. ಒಂದೇ ತಿಂಗಳ ಲೆಕ್ಕ ಕೊಡಬೇಕು ಅಂದರೆ ಇದೇ ಸುಲಭ. 7ಝಡ್ ಫಾರ್ಮ್ಯಾಟ್ ಆರಿಸಿ, ಪಾಸ್‌ವರ್ಡ್ ಹಾಕಿ, ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ (ಓದಲಾಗದ ಹಾಗೆ ಮುಚ್ಚುವ) ಬಾಕ್ಸ್‌ಗೆ ಟಿಕ್ ಕೊಡಿ. ಇಲ್ಲದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ಯಾರ ಯಾರ ಹೆಸರಿನ ಫೈಲ್ ಇದೆ ಅಂತ ಕಾಣುತ್ತದೆ. ಗೆಸ್ಟ್ ಹೆಸರಿನಲ್ಲೇ ಫೈಲ್ ಸೇವ್ ಮಾಡುವವರು ಇದನ್ನು ಮರೆಯಬಾರದು. ಜಿಪ್ ಫಾರ್ಮ್ಯಾಟ್‌ನಲ್ಲಿ ಜಿಪ್‌ಕ್ರಿಪ್ಟೋ ಅಂತ ಹಳೆಯ ವಿಧಾನವೂ ಇದೆ. ಅದು ಬಹಳ ದುರ್ಬಲ, ಬೇಡವೇ ಬೇಡ. ಎಇಎಸ್-256 ಅನ್ನುವ ಬಲವಾದ ವಿಧಾನ ಇರಲಿ.

ಅಂದಹಾಗೆ ಅಕ್ಕ, ಆಡಿಟರ್‌ಗೆ ಲೆಕ್ಕ ಬೇಕು, ಗೆಸ್ಟ್‌ಗಳ ಆಧಾರ್ ಪ್ರತಿ ಬೇಡ ಅಲ್ವಾ? ಅದು ಆ ಪೆನ್‌ಡ್ರೈವ್‌ಗೆ ಹೋಗಲೇಬಾರದು. ಗೆಸ್ಟ್‌ಗಳು ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದಾ ಅಂತ ನಿಮ್ಮ ಠಾಣೆಯಲ್ಲಿ ಕೇಳಿ ನೋಡಿ. ನಿಮ್ಮ ಹತ್ತಿರ ಇಲ್ಲದ ನಂಬರ್ ಕಳೆದುಹೋಗುವುದಿಲ್ಲ.

ಮಂಜುಮನೆ:

ತುಂಬಾ ಥ್ಯಾಂಕ್ಸ್. ಲೆಕ್ಕ ಬೇರೆ, ಐಡಿ ಬೇರೆ ಮಾಡುತ್ತೇನೆ. ಐಡಿ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ವೆರಾಕ್ರಿಪ್ಟ್ ಕಂಟೇನರ್‌ನಲ್ಲಿ ಇಡುವುದು, ಲೆಕ್ಕ ಮಾತ್ರ 7-ಜಿಪ್.

ಐನ್‌ಮನೆ ಹುಡುಗ, ನಾಪೋಕ್ಲು:

ನಮ್ಮದು ಬೇರೆ ತರಹ. ಒಕ್ಕದ (ನಮ್ಮ ಮನೆತನದ) ಹಳೆಯ ಕಾಗದಗಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ನೆಂಟರ ಮನೆಯಲ್ಲಿ ಟ್ರಂಕ್ ಸಮೇತ ಎಲ್ಲ ದಾಖಲೆ ಮಣ್ಣಾಯಿತು. ಅದಾದ ಮೇಲೆ ನಾವು ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿದ್ದ ಜಮ್ಮಾ ಪತ್ರ, ಪಾಲುಪಟ್ಟಿ, ಹಳೆಯ ಫೋಟೊ, ವಂಶಾವಳಿ ಎಲ್ಲ ಸ್ಕ್ಯಾನ್ ಮಾಡಿಸಿದೆವು. ಈಗ ಅದು ಕಂಟೇನರ್ ಒಳಗಿದೆ. ಒಂದು ಪ್ರತಿ ಇಲ್ಲಿ, ಒಂದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಹತ್ತಿರ, ಒಂದು ಸೈನ್ಯದಲ್ಲಿರುವ ಅಣ್ಣನ ಮನೆಯಲ್ಲಿ. ಎಲ್ಲರೂ ಒಂದೇ ಆವೃತ್ತಿ ಬಳಸುವುದಿಲ್ಲ. ಅಣ್ಣನದ್ದು ಹಳೆಯ ಲ್ಯಾಪ್‌ಟಾಪ್, 32 ಬಿಟ್ ವಿಂಡೋಸ್.

ಎರಡು ಪ್ರಶ್ನೆ. ಒಂದು, ಈ ಆರ್ಗಾನ್‌ಗೆ ಹೋಗಬೇಕಾ? ಎರಡು, ಕಂಟೇನರನ್ನು ಕ್ಲೌಡ್ ಫೋಲ್ಡರ್‌ನಲ್ಲಿಟ್ಟರೆ ಒಳಗೆ ಬದಲಾವಣೆ ಮಾಡಿದರೂ ಸಿಂಕ್ ಆಗುವುದೇ ಇಲ್ಲ. ತಾರೀಕು ಹಳೆಯದೇ ತೋರಿಸುತ್ತದೆ.

ಕರಿಮೆಣಸು:

ಎರಡನೆಯದಕ್ಕೆ ಮೊದಲು ಉತ್ತರ. ವೆರಾಕ್ರಿಪ್ಟ್ ಬೇಕೆಂದೇ ಕಂಟೇನರ್ ಫೈಲಿನ ತಾರೀಕನ್ನು ಹಳೆಯದಾಗಿಯೇ ಉಳಿಸುತ್ತದೆ. ನೀವು ಅದನ್ನು ಯಾವಾಗ ತೆರೆದಿರಿ ಅಂತ ಹೊರಗಿನವರಿಗೆ ತಿಳಿಯದಿರಲಿ ಅಂತ. ಕ್ಲೌಡ್ ಸಾಫ್ಟ್‌ವೇರ್ ತಾರೀಕು ನೋಡಿ ಬದಲಾವಣೆ ಗುರುತಿಸುತ್ತದೆ, ತಾರೀಕು ಬದಲಾಗಲಿಲ್ಲ ಅಂದರೆ ಏನೂ ಆಗಿಲ್ಲ ಅಂದುಕೊಳ್ಳುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ, ಕಂಟೇನರ್ ಫೈಲಿನ ಬದಲಾವಣೆ ಸಮಯ ಉಳಿಸುವ ಆಯ್ಕೆಯ ಟಿಕ್ ತೆಗೆಯಿರಿ. ಆಮೇಲೆ ಕಂಟೇನರ್ ಮುಚ್ಚಿದ ಮೇಲೆಯೇ ಸಿಂಕ್ ಆಗಲಿ. ಇಬ್ಬರು ಎರಡು ಕಡೆ ಒಂದೇ ಕಂಟೇನರ್ ತೆರೆದು ಬರೆದರೆ ಒಬ್ಬರದ್ದು ಹೋಗುತ್ತದೆ, ಅದು ಖಂಡಿತ.

ಆದರೂ ಕ್ಲೌಡ್‌ಗೆ ಈ ದೊಡ್ಡ ಫೈಲ್ ಪದ್ಧತಿ ನನಗೆ ಇಷ್ಟವಿಲ್ಲ. ಹತ್ತು ಜಿಬಿ ಕಂಟೇನರ್‌ನಲ್ಲಿ ಒಂದು ಪುಟ ಬದಲಾದರೆ ಕೆಲವು ಕ್ಲೌಡ್‌ಗಳು ಹತ್ತು ಜಿಬಿಯನ್ನೂ ಮತ್ತೆ ಕಳಿಸುತ್ತವೆ. ನಮ್ಮ ನೆಟ್‌ಗೆ ಅದು ಆಗದ ಮಾತು. ಅದಕ್ಕೆ ಕ್ರಿಪ್ಟೋಮೇಟರ್ ನೋಡಿ. ಜರ್ಮನಿಯವರದ್ದು, 2016ರಿಂದ ಇದೆ, ಕೋಡ್ ತೆರೆದಿದೆ. ಅದು ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡುತ್ತದೆ, ಫೈಲ್ ಹೆಸರನ್ನೂ ಮುಚ್ಚುತ್ತದೆ. ಒಂದು ಪುಟ ಬದಲಾದರೆ ಆ ಒಂದು ಫೈಲ್ ಮಾತ್ರ ಹೋಗುತ್ತದೆ. ಎಷ್ಟು ಫೈಲ್ ಇದೆ, ಒಂದೊಂದು ಸುಮಾರು ಎಷ್ಟು ದೊಡ್ಡದು ಅನ್ನುವುದು ಮಾತ್ರ ಹೊರಗೆ ಕಾಣುತ್ತದೆ. ಒಕ್ಕದ ಕಾಗದಕ್ಕೆ ಅದು ತೊಂದರೆಯಲ್ಲ ಅನ್ನಿಸುತ್ತದೆ.

ಆರ್ಗಾನ್ ಬಗ್ಗೆ: ನಿಮ್ಮ ಅಣ್ಣನ ಲ್ಯಾಪ್‌ಟಾಪ್ 32 ಬಿಟ್ ಅಂದಿರಿ. 1.26.18ರಿಂದ 32 ಬಿಟ್ ವಿಂಡೋಸ್‌ಗೆ ವೆರಾಕ್ರಿಪ್ಟ್ ಬರುವುದೇ ಇಲ್ಲ. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯಾದರೂ ಇರಬೇಕು. ಆರ್ಗಾನ್‌ನಲ್ಲಿ ಮಾಡಿದ ಕಂಟೇನರ್ ಹಳೆಯ ವೆರಾಕ್ರಿಪ್ಟ್‌ನಲ್ಲಿ ತೆರೆಯುವುದಿಲ್ಲ. ಅಂದರೆ ನೀವು ಬದಲಿಸಿ ಕಳಿಸಿದರೆ ಅಣ್ಣನ ಪ್ರತಿ ಅವರ ಕೈಯಲ್ಲೇ ಇದ್ದರೂ ಓದಲಾಗದು. ಎಲ್ಲರ ಕಂಪ್ಯೂಟರ್ ಸರಿಹೋಗುವ ತನಕ ಮೊದಲಿಂದ ಇರುವ ಹ್ಯಾಶ್ ಎಸ್‌ಎಚ್‌ಎ-512ರಲ್ಲೇ ಇರಲಿ, ಪಾಸ್‌ವರ್ಡ್ ಉದ್ದ ಮಾಡಿ.

ಭಾಗಮಂಡಲ ಲಿನಕ್ಸ್:

ಕರಿಮೆಣಸು ಅಣ್ಣ, ಗೌರವದಿಂದಲೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. ಹಳೆಯ ಕಂಪ್ಯೂಟರ್ ಒಂದಿದೆ ಅಂತ ಎಲ್ಲರೂ ಹಳೆಯದರಲ್ಲೇ ಉಳಿಯಬಾರದು.

ಪಾಸ್‌ವರ್ಡ್ ಊಹಿಸುವವನು ಏನು ಮಾಡುತ್ತಾನೆ ಅಂತ ನೋಡಿ. ನಿಮ್ಮ ಪೆನ್‌ಡ್ರೈವ್ ಸಿಕ್ಕಿತು ಅಂದರೆ ಕಂಟೇನರನ್ನು ಕಾಪಿ ಮಾಡಿಕೊಂಡು ತನ್ನ ಮನೆಯಲ್ಲಿ ಕೂತು ಪ್ರಯತ್ನ ಮಾಡುತ್ತಾನೆ. ಮೂರು ಸಲ ತಪ್ಪಿದರೆ ಲಾಕ್ ಆಗುವ ಎಟಿಎಂ ಪದ್ಧತಿ ಇಲ್ಲಿಲ್ಲ. ಎಷ್ಟು ಸಲ ಬೇಕಾದರೂ ಪ್ರಯತ್ನ ಮಾಡಬಹುದು. ಅದಕ್ಕೇ ಒಂದೊಂದು ಪ್ರಯತ್ನವೂ ನಿಧಾನವಾಗಬೇಕು. ಟ್ರೂಕ್ರಿಪ್ಟ್‌ನಲ್ಲಿ ಪಾಸ್‌ವರ್ಡನ್ನು 1,000 ಅಥವಾ 2,000 ಸಲ ಅರೆದು ಕೀ ಮಾಡುತ್ತಿದ್ದರು. ವೆರಾಕ್ರಿಪ್ಟ್ ಅದನ್ನು ಕಂಟೇನರ್‌ಗೆ 5 ಲಕ್ಷ ಸಲಕ್ಕೆ ಏರಿಸಿತು. ಆದರೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾವಿರಾರು ಸಣ್ಣ ಸಣ್ಣ ಕೋರ್ ಇರುತ್ತವೆ, ಈ ಅರೆಯುವ ಕೆಲಸಕ್ಕೆ ರ‍್ಯಾಮ್ ಹೆಚ್ಚು ಬೇಕಾಗಿಲ್ಲ, ಹಾಗಾಗಿ ಒಟ್ಟಿಗೆ ಸಾವಿರಾರು ಪಾಸ್‌ವರ್ಡ್ ಪರೀಕ್ಷೆ ಮಾಡಬಹುದು. ಆರ್ಗಾನ್2ಐಡಿ ಬಂದದ್ದೇ ಅದನ್ನು ತಡೆಯಲು. ಒಂದೊಂದು ಪ್ರಯತ್ನಕ್ಕೂ ನೂರಾರು ಎಂಬಿ ರ‍್ಯಾಮ್ ಬೇಕು. ಸಾವಿರ ಪ್ರಯತ್ನ ಒಟ್ಟಿಗೆ ಮಾಡಬೇಕು ಅಂದರೆ ಸಾವಿರ ಪಟ್ಟು ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅಷ್ಟು ಇರುವುದಿಲ್ಲ. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು ಆರ್ಗಾನ್2. ಲಿನಕ್ಸ್‌ನಲ್ಲಿ ಡಿಸ್ಕ್ ಲಾಕ್ ಮಾಡುವ ಲಕ್ಸ್2ನಲ್ಲಿ ಇದು ವರ್ಷಗಳಿಂದ ಇದೆ. ವೆರಾಕ್ರಿಪ್ಟ್‌ಗೆ ತಡವಾಗಿ ಬಂತು, ಬಂದದ್ದು ತುಂಬಾ ಖುಷಿ.

ಮನುಷ್ಯರು ಇಡುವ ಪಾಸ್‌ವರ್ಡ್ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಮಗುವಿನ ಹೆಸರು, ಹುಟ್ಟಿದ ವರ್ಷ, ಕೊನೆಗೆ ಒಂದು ಎಟ್ ಚಿಹ್ನೆ. ಅಂಥವರನ್ನು ಸ್ವಲ್ಪವಾದರೂ ಕಾಪಾಡುವುದು ಇದೇ.

ಲಿನಕ್ಸ್‌ನವರಿಗೆ ಇನ್ನೊಂದು ಒಳ್ಳೆಯ ಸುದ್ದಿ. ವೆರಾಕ್ರಿಪ್ಟ್ ಈಗ ಆಪ್‌ಇಮೇಜ್ ಆಗಿ ಬರುತ್ತದೆ, 1.26.24ರಿಂದ. ಒಂದೇ ಫೈಲ್, ಓಡಿಸಲು ಅನುಮತಿ ಕೊಟ್ಟರೆ ಆಯಿತು. ಬಿಟ್‌ಲಾಕರ್ ಪೆನ್‌ಡ್ರೈವನ್ನೂ ಲಿನಕ್ಸ್‌ನಲ್ಲಿ ತೆರೆಯಬಹುದು, 2020ರಲ್ಲಿ ಬಂದ, ಲಿನಕ್ಸ್‌ನ ಡಿಸ್ಕ್ ಲಾಕ್ ಸಾಫ್ಟ್‌ವೇರ್ ಕ್ರಿಪ್ಟ್‌ಸೆಟಪ್ 2.3ರಿಂದ.

ಕರಿಮೆಣಸು:

ನೀವು ಹೇಳಿದ್ದು ಪೂರ್ತಿ ಸರಿ. ಒಬ್ಬರೇ ಬಳಸುವ ಕಂಟೇನರ್‌ಗೆ ನಾನೂ ಆರ್ಗಾನ್ ಅಂತಲೇ ಹೇಳುತ್ತೇನೆ. ನನ್ನ ಜಗಳ ಹಂಚಿಕೊಂಡ ಕಂಟೇನರ್ ಬಗ್ಗೆ ಮಾತ್ರ. ಐದಾರು ಸಂಬಂಧವಿಲ್ಲದ ಪದ ಸೇರಿಸಿದ ಉದ್ದದ ಪಾಸ್‌ವರ್ಡ್ ಇದ್ದರೆ 5 ಲಕ್ಷ ಸಲ ಅರೆದದ್ದೂ ಸಾಕು. ದುರ್ಬಲ ಪಾಸ್‌ವರ್ಡ್ ಇಟ್ಟವನಿಗೆ ಆರ್ಗಾನ್ ಬೇಕು, ಆದರೆ ಅವನಿಗೆ ನಿಜವಾಗಿ ಬೇಕಾದದ್ದು ಒಳ್ಳೆಯ ಪಾಸ್‌ವರ್ಡ್ ಅಲ್ವಾ? ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆದರೂ ಕನ್ನಡ, ಕೊಡವ ತಕ್ಕ್, ಅರೆಭಾಷೆ ಪದ ಬೆರೆಸಿ ಬರೆಯಿರಿ. ಗಾದೆ, ಹಾಡಿನ ಸಾಲು ಮಾತ್ರ ಬೇಡ.

ಕೋಟೆಬೆಟ್ಟ, ಸೋಮವಾರಪೇಟೆ:

ನಾನು ನಿವೃತ್ತ ನೌಕರ, ಕಂಪ್ಯೂಟರ್ ರಿಪೇರಿ ಗೆಳೆಯರಿಗೆ ಮಾಡಿಕೊಡುತ್ತೇನೆ. ಹೊಸ ಸೌಲಭ್ಯಗಳ ಬಗ್ಗೆ ಮಕ್ಕಳು ಚೆನ್ನಾಗಿ ಬರೆದಿದ್ದಾರೆ. ನಾನು ನೋಡುವುದು ಬೇರೆ. ನನ್ನ ಹತ್ತಿರ ಬರುವ ಪೆನ್‌ಡ್ರೈವ್‌ಗಳಲ್ಲಿ ಕಳ್ಳತನದಿಂದ ತೊಂದರೆಯಾದದ್ದು ಅಪರೂಪ. ಕರೆಂಟ್ ಹೋಗಿ, ಸಿಡಿಲು ಹೊಡೆದು, ಬರೆಯುತ್ತಿರುವಾಗಲೇ ಕಿತ್ತುಹಾಕಿ ಹಾಳಾದದ್ದೇ ಜಾಸ್ತಿ.

ಸಾಧಾರಣ ಪೆನ್‌ಡ್ರೈವ್‌ನಲ್ಲಿ ಸ್ವಲ್ಪ ಜಾಗ ಕೆಟ್ಟರೆ ಒಂದೆರಡು ಫೋಟೊ ಹೋಗುತ್ತದೆ. ಕಂಟೇನರ್‌ನಲ್ಲಿ ಹಾಗಲ್ಲ. ಅದರ ತಲೆಯ ಭಾಗ, ಹೆಡರ್ ಅನ್ನುತ್ತಾರೆ, ಅಲ್ಲಿ ಮಾಸ್ಟರ್ ಕೀ ಇರುತ್ತದೆ. ಆ ಚಿಕ್ಕ ಜಾಗ ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಇದ್ದರೂ ಇಡೀ ಕಂಟೇನರ್ ತೆರೆಯುವುದಿಲ್ಲ. ವೆರಾಕ್ರಿಪ್ಟ್ ಕಂಟೇನರ್‌ನ ಕೊನೆಯಲ್ಲಿ ಹೆಡರ್‌ನ ಇನ್ನೊಂದು ಪ್ರತಿ ಇಟ್ಟಿರುತ್ತದೆ. ಟೂಲ್ಸ್ ಒಳಗೆ ರೀಸ್ಟೋರ್ ವಾಲ್ಯೂಮ್ ಹೆಡರ್ ಇದೆ, ಅಲ್ಲಿಂದ ವಾಪಸ್ ತರಬಹುದು. ಆದರೆ ಪೆನ್‌ಡ್ರೈವೇ ಸತ್ತರೆ ಎರಡೂ ಹೋದವು. ಹಾಗಾಗಿ ಅದೇ ಟೂಲ್ಸ್‌ನಲ್ಲಿ ಬ್ಯಾಕಪ್ ವಾಲ್ಯೂಮ್ ಹೆಡರ್ ಮಾಡಿ ಬೇರೆ ಕಡೆ ಇಡಿ. ಕಂಟೇನರ್‌ನ ಪೂರ್ತಿ ಪ್ರತಿಯೂ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು.

ಇನ್ನೊಂದು ಮಾತು, ಇದನ್ನು ಹೇಳುವವರು ಕಮ್ಮಿ. ಪೆನ್‌ಡ್ರೈವ್, ಎಸ್‌ಎಸ್‌ಡಿ ಒಳಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆಯದ ಹಾಗೆ ಕಂಟ್ರೋಲರ್ ನೋಡಿಕೊಳ್ಳುತ್ತದೆ. ಹಾಗಾಗಿ ನೀವು ಪಾಸ್‌ವರ್ಡ್ ಬದಲಿಸಿದರೂ ಹಳೆಯ ಹೆಡರ್ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಪಾಸ್‌ವರ್ಡ್ ಬದಲಿಸಿದರೆ ಮಾಸ್ಟರ್ ಕೀ ಬದಲಾಗುವುದಿಲ್ಲ. ಹಳೆಯ ಪಾಸ್‌ವರ್ಡ್ ಯಾರಿಗೋ ಗೊತ್ತಾಗಿದೆ ಅನ್ನಿಸಿದರೆ ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಿರಬೇಡಿ. ಹೊಸ ಕಂಟೇನರ್ ಮಾಡಿ, ಕಾಪಿ ಮಾಡಿ. ಟ್ರೂಕ್ರಿಪ್ಟ್ ಫೈಲಿಗೂ ಇದೇ ಕಾರಣಕ್ಕೆ ಕಾಪಿ ಮಾಡುವುದೇ ಸರಿ, ಪಾಸ್‌ವರ್ಡ್ ಬದಲಿಸಿ ವೆರಾಕ್ರಿಪ್ಟ್ ಹೆಡರ್ ಮಾಡುವ ದಾರಿ 1.25.9ರಲ್ಲಿ ಇದ್ದರೂ.

ಮತ್ತೆ, ನಾಲ್ಕು ಜಿಬಿಗಿಂತ ದೊಡ್ಡ ಕಂಟೇನರ್ ಬೇಕು ಅಂದರೆ ಪೆನ್‌ಡ್ರೈವ್ ಫ್ಯಾಟ್32 ಇರಬಾರದು. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಐನ್‌ಮನೆ ಹುಡುಗ:

ಕೋಟೆಬೆಟ್ಟ ಸರ್, ಹೆಡರ್ ವಿಷಯ ಗೊತ್ತೇ ಇರಲಿಲ್ಲ. ಇವತ್ತೇ ಮಾಡುತ್ತೇನೆ.

ಇನ್ನೊಂದು ವಿಚಿತ್ರ. ಬೆಂಗಳೂರಿನ ತಮ್ಮ ದೂರದಿಂದ ನನ್ನ ಸ್ಕ್ರೀನ್ ನೋಡಿ ಸಹಾಯ ಮಾಡುತ್ತಾನೆ. ಹೊಸ ವೆರಾಕ್ರಿಪ್ಟ್ ಹಾಕಿದ ಮೇಲೆ ಅವನಿಗೆ ಎಲ್ಲ ಕಾಣುತ್ತದೆ, ವೆರಾಕ್ರಿಪ್ಟ್ ವಿಂಡೋ ಮಾತ್ರ ಕಾಣುವುದಿಲ್ಲ. ನನ್ನ ಕಡೆ ಸರಿಯಾಗಿಯೇ ಇದೆ. ಮತ್ತೆ ಬ್ಯಾಂಕ್ ಕಾರ್ಡ್ ಕೀಫೈಲ್ ಅಂತ ಕರಿಮೆಣಸು ಅಣ್ಣ ಬರೆದರಲ್ಲ, ಅದು ಹೇಗೆ?

ಹಾರಂಗಿ:

ವಿಂಡೋ ಕಾಣದಿರುವುದು ಹೊಸ ಸ್ಕ್ರೀನ್ ರಕ್ಷಣೆಯಿಂದ. 1.26.24ರಿಂದ ವಿಂಡೋಸ್‌ನಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವ, ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ಗಳಿಗೆ ವೆರಾಕ್ರಿಪ್ಟ್‌ನ ವಿಂಡೋ ಕಾಣದ ಹಾಗೆ ಮಾಡುತ್ತದೆ. ದೂರದಿಂದ ನೋಡುವ ಸಾಫ್ಟ್‌ವೇರ್ ಕೂಡ ಅದೇ ಕೆಲಸ ಮಾಡುವುದರಿಂದ ಅದಕ್ಕೂ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಮತ್ತು ಡ್ರೈವರ್ ಕಾನ್ಫಿಗರೇಶನ್ ಒಳಗೆ ಆಫ್ ಮಾಡಬಹುದು. ನನ್ನ ಸಲಹೆ, ಮಾಡಬೇಡಿ. ಫೋನ್‌ನಲ್ಲಿ ಮಾತಾಡಿಕೊಂಡೇ ಮುಗಿಸಿ. ವಿಂಡೋಸ್ 11ರಲ್ಲಿ ಆಗಾಗ ಸ್ಕ್ರೀನ್ ಚಿತ್ರ ತೆಗೆದಿಡುವ ರೀಕಾಲ್ ಅನ್ನುವುದು ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಂದಿದೆ, ಅಂಥ ಕಾಲದಲ್ಲಿ ಈ ರಕ್ಷಣೆ ಬೇಕು. ಆದರೆ ಒಂದು ತಿಳಿದಿರಲಿ: ಇದು ವೆರಾಕ್ರಿಪ್ಟ್‌ನ ಸ್ವಂತ ವಿಂಡೋಗೆ ಮಾತ್ರ. ಒಳಗಿನ ಪಿಡಿಎಫ್ ತೆರೆದು ಓದುತ್ತಿದ್ದರೆ ಅದರ ಚಿತ್ರ ತೆಗೆಯುವುದನ್ನು ಇದು ತಡೆಯುವುದಿಲ್ಲ.

ಬ್ಯಾಂಕ್ ಕಾರ್ಡ್ ಬೇಡ. ಕಾರ್ಡ್ ಚಿಪ್‌ನಲ್ಲಿರುವ ಕೆಲವು ಮಾಹಿತಿ ಓದಿ ಅದನ್ನೇ ಕೀಫೈಲ್ ಮಾಡಿಕೊಳ್ಳುತ್ತದೆ. ರೀಡರ್ ಬೇಕು. ಕೇಳಲು ಚೆನ್ನಾಗಿದೆ. ಆದರೆ ಕಾರ್ಡ್‌ಗೆ ಅವಧಿ ಇದೆ. ಬ್ಯಾಂಕಿನವರು ಹೊಸ ಕಾರ್ಡ್ ಕಳಿಸಿ, ಹಳೆಯದನ್ನು ನೀವು ಕತ್ತರಿಸಿ ಎಸೆದರೆ ಕಂಟೇನರ್‌ನ ಕೀಲಿಯನ್ನೂ ಕತ್ತರಿಸಿದ ಹಾಗೆ. ಹೊಸ ಕಾರ್ಡ್‌ನಲ್ಲಿ ಬೇರೆ ಮಾಹಿತಿ ಇರುತ್ತದೆ. ಒಕ್ಕದ ದಾಖಲೆ ಹತ್ತಿಪ್ಪತ್ತು ವರ್ಷ ಉಳಿಯಬೇಕು, ಕಾರ್ಡ್ ಅಷ್ಟು ಉಳಿಯುವುದಿಲ್ಲ.

ಮಂಜುಮನೆ:

ಫೋನ್‌ನಲ್ಲಿ ತೆರೆಯಬಹುದಾ? ನನ್ನ ಮಗಳು ಯಾವಾಗಲೂ ಫೋನ್‌ನಲ್ಲೇ ನೋಡುವುದು. ಮತ್ತೆ ಇದೆಲ್ಲ ಫ್ರೀ ಅಂದಿರಿ, ಫ್ರೀ ಕೊಡುವವರನ್ನು ನಂಬುವುದು ಹೇಗೆ?

ಭಾಗಮಂಡಲ ಲಿನಕ್ಸ್:

ಅಕ್ಕ, ವೆರಾಕ್ರಿಪ್ಟ್ ಮಾಡುವವರು ಫೋನ್‌ಗೆ ಆಪ್ ಕೊಟ್ಟಿಲ್ಲ. ಅದರ ಕಂಟೇನರ್ ತೆರೆಯುವ ಬೇರೆಯವರ ಆಪ್‌ಗಳಿವೆ, ಆದರೆ ಗೆಸ್ಟ್‌ಗಳ ಪಾಸ್‌ಪೋರ್ಟ್ ಇರುವ ಕಡೆ ನಾನಾದರೆ ಅವನ್ನು ಬಳಸುವುದಿಲ್ಲ. ಫೋನ್ ಬೇಕೇ ಬೇಕು ಅಂದರೆ ಕ್ರಿಪ್ಟೋಮೇಟರ್, ಅದರ ಆಂಡ್ರಾಯ್ಡ್ ಆಪ್ ಅವರೇ ಮಾಡಿದ್ದು. ಅದಕ್ಕೆ ದುಡ್ಡು ಇದೆ, ಕಂಪ್ಯೂಟರ್‌ನಲ್ಲಿ ಇಲ್ಲ.

ನಂಬಿಕೆಯ ಪ್ರಶ್ನೆ ಒಳ್ಳೆಯದು. ವೆರಾಕ್ರಿಪ್ಟ್‌ನ ಕೋಡ್ ಯಾರು ಬೇಕಾದರೂ ಓದಬಹುದು, ಹೊರಗಿನವರು ಓದಿಯೂ ಇದ್ದಾರೆ. 2016ರಲ್ಲಿ ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಪರೀಕ್ಷೆ ಮಾಡಿ ಎಂಟು ಗಂಭೀರ ದೋಷ ಹುಡುಕಿತು, ವರದಿಯನ್ನು ಎಲ್ಲರೂ ಓದುವ ಹಾಗೆ ಹಾಕಿತು, 1.19ರಲ್ಲಿ ಹೆಚ್ಚಿನವನ್ನು ಸರಿಪಡಿಸಿದರು. 2020ರಲ್ಲಿ ಜರ್ಮನಿಯ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಬಿಎಸ್‌ಐ ಮಾಡಿಸಿದ ಪರೀಕ್ಷೆಯೂ ಹೊರಬಂತು. ದೋಷ ಸಿಕ್ಕಿತು ಅನ್ನುವುದೇ ನನಗೆ ಧೈರ್ಯ ಕೊಡುವ ವಿಷಯ. ಯಾರೂ ನೋಡದ ಸಾಫ್ಟ್‌ವೇರ್‌ನಲ್ಲಿ ದೋಷ ಇಲ್ಲ ಅಂತಲ್ಲ, ಕಂಡಿಲ್ಲ ಅಷ್ಟೇ. ಡೌನ್‌ಲೋಡ್ ಮಾತ್ರ ಅವರ ಅಧಿಕೃತ ತಾಣದಿಂದಲೇ ಮಾಡಿ, ಯಾವುದೋ ಉಚಿತ ಡೌನ್‌ಲೋಡ್ ತಾಣದಿಂದ ಬೇಡ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ಡಿಜಿಟಲ್ ಸಹಿ ಇದೆಯಾ ಅಂತ ನೋಡಿ.

ಕೋಟೆಬೆಟ್ಟ:

ಪಾಸ್‌ವರ್ಡ್ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯಾ ಅಂತ ಎಲ್ಲರೂ ಒಮ್ಮೆ ಕೇಳಿಕೊಳ್ಳಿ. ಈ ಸಾಫ್ಟ್‌ವೇರ್‌ನಲ್ಲಿ ಮರೆತುಹೋಯಿತು ಅನ್ನುವ ಬಟನ್ ಇಲ್ಲ. ಒಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ತೋಟದ ಪಾಲಿನ ಕಾಗದ, ಇನ್ಶೂರೆನ್ಸ್ ಎಲ್ಲ ಅದರೊಳಗೆ. ನನ್ನಿಂದ ಏನೂ ಮಾಡಲಾಗಲಿಲ್ಲ, ಯಾರಿಂದಲೂ ಆಗುತ್ತಿರಲಿಲ್ಲ. ಆ ತಾಯಿಯ ಮುಖ ನೋಡಲು ಕಷ್ಟವಾಯಿತು. ಪಿಐಎಂ ಅಂತ, ಪಾಸ್‌ವರ್ಡನ್ನು ಎಷ್ಟು ಸಲ ಅರೆಯಬೇಕು ಅಂತ ಹೇಳುವ ಒಂದು ಸಂಖ್ಯೆ ಹಾಕುವ ಅಭ್ಯಾಸ ಇರುವವರು ಅದನ್ನೂ ಬರೆದಿಡಿ. ಪಾಸ್‌ವರ್ಡ್ ಗೊತ್ತಿದ್ದು ಪಿಐಎಂ ಗೊತ್ತಿಲ್ಲದಿದ್ದರೂ ತೆರೆಯುವುದಿಲ್ಲ. ಕೀಫೈಲ್ ಇಟ್ಟಿದ್ದರೆ ಅದು ಯಾವ ಫೈಲ್ ಅಂತಲೂ ಬರೆಯಿರಿ. ಯಾವುದೋ ಫೋಟೊವನ್ನು ಕೀಫೈಲ್ ಮಾಡಿ, ಆಮೇಲೆ ಆ ಫೋಟೊವನ್ನು ಎಡಿಟ್ ಮಾಡಿದರೆ ಅಲ್ಲಿಗೆ ಮುಗಿಯಿತು. ಇಷ್ಟನ್ನೂ ಕಾಗದದಲ್ಲಿ ಬರೆದು, ಕವರ್ ಅಂಟಿಸಿ, ಬ್ಯಾಂಕ್ ಲಾಕರ್‌ನಲ್ಲಿ.

ಐನ್‌ಮನೆ ಹುಡುಗ:

ಸರ್, ಇದನ್ನು ಓದಿ ಮನೆಯಲ್ಲಿ ಎಲ್ಲರ ಹತ್ತಿರ ಮಾತಾಡಿದೆ. ಒಕ್ಕದ ಹಿರಿಯರಾದ ಪಟ್ಟೇದಾರರಿಗೆ ಕಂಪ್ಯೂಟರ್ ಬರುವುದಿಲ್ಲ, ಆದರೆ ಕವರ್ ತಮ್ಮ ಹತ್ತಿರ ಇರಲಿ ಅಂದರು. ಅಣ್ಣನ ಹಳೆಯ ಲ್ಯಾಪ್‌ಟಾಪ್ ಬಗ್ಗೆ ಏನು ಮಾಡುವುದು ಅಂತ ಮಾತ್ರ ಗೊತ್ತಾಗಲಿಲ್ಲ.

ಕರಿಮೆಣಸು:

ಅಣ್ಣನ ಲ್ಯಾಪ್‌ಟಾಪ್‌ನಲ್ಲಿ 1.25.9 ಇರಲಿ, ಎಸ್‌ಎಚ್‌ಎ-512ರಲ್ಲಿ ಮಾಡಿದ ಕಂಟೇನರನ್ನು ಅದೂ ತೆರೆಯುತ್ತದೆ, ಹೊಸದೂ ತೆರೆಯುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತಿದೆ, ಹಾಗಾಗಿ ಆ ಲ್ಯಾಪ್‌ಟಾಪನ್ನು ನೆಟ್‌ಗೆ ಹಾಕದೆ ಪ್ರತಿ ಇಡಲು ಮಾತ್ರ ಬಳಸಲಿ. ಅವರು ಬೇರೆ ಲ್ಯಾಪ್‌ಟಾಪ್ ತಗೊಂಡ ದಿನ ಆರ್ಗಾನ್‌ನಲ್ಲಿ ಹೊಸ ಕಂಟೇನರ್ ಮಾಡಿ, ಎಲ್ಲ ಮೂರು ಕಡೆ ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಪುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ ಬರುತ್ತೀರಲ್ಲ, ಮೂರೂ ಪ್ರತಿ ತರಲು ಹೇಳಿ. ಒಂದೊಂದನ್ನೂ ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಬೇಕು, ತಂದವರ ಲ್ಯಾಪ್‌ಟಾಪ್‌ನಲ್ಲಲ್ಲ. ಟ್ರೂಕ್ರಿಪ್ಟ್ ಫೈಲ್ ಯಾರ ಹತ್ತಿರವಾದರೂ ಉಳಿದಿದ್ದರೆ ಅವತ್ತೇ ಬದಲಿಸಿ. 1.25.9ರ ಇನ್‌ಸ್ಟಾಲರನ್ನು ನಾನು ಅಧಿಕೃತ ತಾಣದಿಂದ ಇಳಿಸಿಕೊಂಡು ಇಟ್ಟಿದ್ದೇನೆ, ಆದರೆ ನನ್ನಿಂದ ತಗೊಳ್ಳಬೇಡಿ, ನೀವೇ ಅಲ್ಲಿಂದ ಇಳಿಸಿ ಸಹಿ ನೋಡಿಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ರಾತ್ರಿ ನೋಡುತ್ತೇನೆ.